ನಾರು ಕಚ್ಚುವ ಬಾಯಿಗೆ ಒಂದು ನಲ್ಲಿ

ನೀರು ಮರುಬಳಕೆ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಡುಗೆಮನೆಯ ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು, ರಸ್ತೆ ದಾಟಿ, ಹೂವು ಕಟ್ಟುವ ನನ್ನದೇ ಶೆಡ್ಡಿಗೆ ಹೊತ್ತುಕೊಂಡು ಹೋದದ್ದು ಅಪರಾಧವಂತೆ. ನಿಮ್ಮ ಕಚೇರಿಯಿಂದ ಬಂದ ನೋಟಿಸು ಹಾಗೆನ್ನುತ್ತದೆ. "ಗೃಹಬಳಕೆಗೆಂದು ಒದಗಿಸಲಾದ ಕುಡಿಯುವ ನೀರನ್ನು ಅಲಂಕಾರಿಕ ಪುಷ್ಪೋದ್ಯಮಕ್ಕೆ ದುರ್ಬಳಕೆ ಮಾಡಿಕೊಂಡಿರುವುದು ಕಂಡುಬಂದಿರುತ್ತದೆ" ಎಂದು ಶುರುವಾಗುವ ಆ ಕಾಗದ, ಇನ್ನೊಮ್ಮೆ ಹೊತ್ತರೆ ಮನೆಯ ನಲ್ಲಿಯನ್ನೂ ಕಿತ್ತುಹಾಕಲಾಗುವುದು ಎಂಬಲ್ಲಿಗೆ ಮುಗಿಯುತ್ತದೆ. ಶೆಡ್ಡಿನ ನಲ್ಲಿಯನ್ನು ಆಗಲೇ ಕಿತ್ತಿದ್ದೀರಿ. ಅಂದರೆ ನನ್ನ ಸೊಸೆ ಹೂವು ಕಟ್ಟುವಾಗ ಬಾಯಲ್ಲಿ ಹಿಡಿಯುವ ನಾರನ್ನು ನೆನೆಸುವುದಕ್ಕೆ ಒಂದು ಬಕೆಟ್ ಒಳ್ಳೆಯ ನೀರು ಕೊಡಬೇಡ, ಕೊಟ್ಟರೆ ನೀವು ಮನೆಮಂದಿಯೆಲ್ಲ ಬಾಯಾರಿಕೊಂಡು ಕೂತಿರಿ ಎಂದು ಹೇಳುತ್ತಿದ್ದೀರಿ. ಇಷ್ಟು ಸಣ್ಣ ಮಾತನ್ನು ಅಷ್ಟು ಉದ್ದ ಎಳೆಯಲು ನಿಮಗೆ ಸರ್ಕಾರ ಸಂಬಳ ಕೊಡುತ್ತದೆ.

ನಾನು ಓದಿದವಳಲ್ಲ. ಅಕ್ಷರ ಕೂಡಿಸಿ ಓದುವುದು ಬರುತ್ತಿದ್ದ ಹಾಗೆ ಶಾಲೆ ಬಿಟ್ಟು ಹೂವಿನ ಮಡಿಗೆ ಇಳಿದವಳು. ಎಪ್ಪತ್ತು ದಾಟಿದರೂ ಇನ್ನೂ ಇಳಿಯುತ್ತೇನೆ. ಈ ಪತ್ರ ಬರೆಯಲು ಕೂತಾಗ ನಮ್ಮ ಯಜಮಾನರು, "ಸ್ವಲ್ಪ ಮೆತ್ತಗೆ ಬರಿ, ದೊಡ್ಡವರು, ನಾಳೆ ಮತ್ತೆ ಅವರ ಹತ್ತಿರಾನೇ ಹೋಗಬೇಕು" ಅಂದರು. ಮೆತ್ತಗೆ ಬರೆದದ್ದೂ ಆಯಿತು. ಅರ್ಜಿ ಬರೆಸಿದೆ, ಕೈಮುಗಿದೆ, ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿಸಿಕೊಂಡೆ. ಕಿವುಡನ ಮುಂದೆ ಶಂಖ ಊದಿದ ಹಾಗಾಯಿತು. ಅದಕ್ಕೇ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಅಕ್ಕಪಕ್ಕದ ಮನೆಯವರಾದರೂ ಓದಲಿ.

ಮೊದಲೇ ಒಂದು ಮಾತು ತೀರಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮವರು ಏನು ಹೇಳುತ್ತಾರೆಂದು ನನಗೆ ಗೊತ್ತು. ಈ ಮುದುಕಿಗೆ ಹೊಸದು ಏನೂ ಆಗಿಬರುವುದಿಲ್ಲ, ಯೋಜನೆಗೆ ಅಡ್ಡಗಾಲು ಹಾಕುತ್ತಾಳೆ ಅನ್ನುತ್ತಾರೆ. ನಾನು ಅಡ್ಡಗಾಲು ಹಾಕಿಲ್ಲ. ಊರಿನ ಬಚ್ಚಲ ನೀರನ್ನು, ಪಾಯಿಖಾನೆಯ ನೀರನ್ನು ಸೋಸಿ, ತಿಳಿಗೊಳಿಸಿ, ನೇರಳೆ ಬಣ್ಣದ ಪೈಪಿನಲ್ಲಿ ನಮ್ಮ ಹೂವಿನ ತೋಟಗಳಿಗೆ ಹರಿಸುತ್ತೇವೆ ಎಂದು ನೀವು ಸಭೆ ಕರೆದಾಗ, ಕೈ ಎತ್ತಿದವರಲ್ಲಿ ನಾನೂ ಇದ್ದೆ. ಕುಡಿಯುವ ನೀರಿಗೆ ಜನ ಕೊಡ ಹಿಡಿದು ಸಾಲು ನಿಂತಿರುವಾಗ ಅದನ್ನೇ ತಂದು ಸೇವಂತಿಗೆಯ ಬುಡಕ್ಕೆ ಸುರಿಯುವುದು ನನ್ನ ಮನಸ್ಸಿಗೂ ಒಪ್ಪುತ್ತಿರಲಿಲ್ಲ. ಆ ನೀರಿಗೆ ನಮ್ಮ ಬೀದಿಯಲ್ಲಿ 'ಎರಡನೇ ನೀರು' ಎಂದು ಹೆಸರಾಯಿತು. ಎರಡನೇ ಮದುವೆಯನ್ನೇ ಊರು ಒಪ್ಪಿಕೊಳ್ಳುತ್ತದಂತೆ, ಎರಡನೇ ನೀರಿಗೇನು ಎಂದು ನಗಾಡಿದೆವು.

ಎರಡನೇ ನೀರು ತನ್ನ ಗುಣ ತೋರಿಸಿತು. ಸುಳ್ಳು ಹೇಳಲಾರೆ, ಸೇವಂತಿಗೆ ಹಿಗ್ಗಿತು. ಗೊಬ್ಬರ ಹಾಕದೆಯೇ ಎಲೆ ಕಪ್ಪುಹಸಿರಾಯಿತು, ಹೂವು ಅಂಗೈ ಅಗಲ ಬಿಟ್ಟಿತು. ಜರ್ಬೆರಾ ಮಾತ್ರ ಮುನಿಸಿಕೊಂಡಿತು. ಕೆಳಗಿನ ಎಲೆಗಳ ಅಂಚು ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯಂತೆ ಕಂದಿತು. ಮಡಿಯ ಮೇಲೆ ಬಿಳಿ ಪೊರೆ ಕಟ್ಟಿತು, ನಾಲಿಗೆಗೆ ಇಟ್ಟರೆ ಉಪ್ಪುಪ್ಪು. ಊರವರೆಲ್ಲ ಬಟ್ಟೆ ಒಗೆದ ಸೋಪಿನ ಉಪ್ಪು ಎಲ್ಲಿಗೆ ಹೋಗಬೇಕು, ನಮ್ಮ ಮಣ್ಣಿಗೇ ಬಂತು. ಹನಿಹನಿ ಬಿಡುವ ಕೊಳವೆಗಳ ತೂತು ಪಾಚಿ ಹಿಡಿದು ಮುಚ್ಚಿಕೊಂಡವು. ನಮ್ಮ ಪಕ್ಕದ ತೋಟದವನು ಗುಲಾಬಿ ಬೆಳೆಯುತ್ತಾನೆ, ಮಾತೂ ಚುಚ್ಚುವಂಥದೇ, ಅದಕ್ಕೆ ಅವನನ್ನು ಎಲ್ಲರೂ ಮುಳ್ಳಪ್ಪ ಅನ್ನುತ್ತೇವೆ. ಅವನ ಗಿಡಗಳು ಎದೆಮಟ್ಟ ಬೆಳೆದು ಮೊಗ್ಗೇ ಬಿಡಲಿಲ್ಲ. "ಅಕ್ಕಾ, ನಾನು ಗುಲಾಬಿ ಹಾಕಿದ್ದೆನೋ ಸೊಪ್ಪು ಹಾಕಿದ್ದೆನೋ ನನಗೇ ಮರೆತುಹೋಗಿದೆ" ಅಂದ. ಬಿಟ್ಟ ಹೂವಿನ ಕಾಂಡವೋ, ಹೊಟ್ಟೆ ತುಂಬ ತಿಂದು ಸೋಮಾರಿಯಾದ ಮಗನ ಹಾಗೆ ಮೆತ್ತಗೆ. ನಮ್ಮ ಹೂವು ಕೊಳ್ಳುವ ಅಂಗಡಿಯಾಕೆ ಒಂದು ದಿನ ಫೋನಿನಲ್ಲಿ, "ನಿಮ್ಮ ಹೂವು ಬಹಳ ವಿನಯವಂತ ಕಣಮ್ಮ, ಗಿರಾಕಿ ಮನೆ ಬಾಗಿಲು ಕಾಣುತ್ತಲೇ ತಲೆ ಬಗ್ಗಿಸುತ್ತೆ" ಅಂದಳು.

ಇದನ್ನೆಲ್ಲ ನಾವು ನುಂಗಿಕೊಂಡೆವು. ಮಳೆ ಬಂದಾಗ ಮಡಿಗಳ ಉಪ್ಪು ತೊಳೆದುಹೋಗಲೆಂದು ಕಾಲುವೆ ತೋಡಿದೆವು. ಜರ್ಬೆರಾ ಕಿತ್ತು ಸೇವಂತಿಗೆ ಹಾಕಿದೆವು. ಕೊಳವೆಗಳನ್ನು ಬಿಚ್ಚಿ ಊದಿದೆವು, ತಟ್ಟಿದೆವು, ಬೈದೆವು, ಮತ್ತೆ ಜೋಡಿಸಿದೆವು. ಬೇಸಾಯ ಅಂದರೆ ಇಂಥದ್ದೇ. ನೀರು ಬದಲಾದರೆ ಗಿಡ ಬದಲಾಗುತ್ತದೆ, ಗಿಡ ಬದಲಾದರೆ ಬೆಳೆಯುವವನು ಬದಲಾಗಬೇಕು. ಅದಕ್ಕಾಗಿ ನಾನು ನಿಮ್ಮ ಬಾಗಿಲು ತಟ್ಟಲಿಲ್ಲ, ಈಗಲೂ ತಟ್ಟುತ್ತಿಲ್ಲ. ಮಡಿಗೆ ನೀವು ಕೊಡುವ ನೀರು ನನಗೆ ಸಾಕು. ಇದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಕಚೇರಿಯಲ್ಲಿ ಒಂದೇ ಸಲಕ್ಕೆ ಯಾವುದೂ ತಲೆಗೆ ಇಳಿದದ್ದನ್ನು ನಾನು ಕಂಡಿಲ್ಲ.

ನನ್ನ ಜಗಳ ಇರುವುದು ಮಡಿಯ ಬಗ್ಗೆ ಅಲ್ಲ, ಶೆಡ್ಡಿನ ಬಗ್ಗೆ. ಅಲ್ಲಿ ಏನು ನಡೆಯುತ್ತದೆಂದು ನೀವು ಒಮ್ಮೆಯೂ ಬಂದು ನೋಡಿಲ್ಲ, ಆದ್ದರಿಂದ ಹೇಳುತ್ತೇನೆ. ಕೊಯ್ದ ಹೂವನ್ನು ತಂದು ಬಕೆಟ್ಟುಗಳಲ್ಲಿ ಕಾಂಡ ಮುಳುಗುವ ಹಾಗೆ ನಿಲ್ಲಿಸುತ್ತೇವೆ. ಇನ್ನೊಂದು ಬಕೆಟ್ಟಿನಲ್ಲಿ ಕಟ್ಟುವ ನಾರು ನೆನೆಯುತ್ತಿರುತ್ತದೆ, ಒಣಗಿದ್ದರೆ ಅದು ಪಟ್ಟನೆ ಕಡಿಯುತ್ತದೆ. ಕಟ್ಟುವವಳು ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಹೂವನ್ನು ಒಂದೊಂದಾಗಿ ಓರೆಯಾಗಿ ಜೋಡಿಸುತ್ತ ತಿರುಗಿಸುತ್ತಾಳೆ. ಬಲಗೈ ಸೊಪ್ಪು ಸವರುತ್ತದೆ. ನಾರಿನ ತುದಿ ಎಲ್ಲಿರುತ್ತದೆ? ಹಲ್ಲಿನ ನಡುವೆ. ಒದ್ದೆ ನಾರನ್ನು ಬಾಯಲ್ಲಿ ಕಚ್ಚಿ ಹಿಡಿದು, ಕೈ ಸುತ್ತಿ, ತಲೆಯನ್ನು ಹಿಂದಕ್ಕೆ ಎಳೆದರೆ ಗಂಟು ಬಿಗಿಯುತ್ತದೆ. ನನ್ನ ಅಮ್ಮ ಹೀಗೇ ಕಟ್ಟಿದಳು. ನಾನು ಹೀಗೇ ಕಟ್ಟಿದೆ, ಮುಂದಿನ ಹಲ್ಲು ಬಿದ್ದ ಮೇಲೆ ಸೊಸೆಗೆ ಸ್ಟೂಲು ಬಿಟ್ಟುಕೊಟ್ಟೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಬಾಯಿಂದ ನಾರು ಇಳಿಯುವುದು ಎರಡೇ ಹೊತ್ತಿನಲ್ಲಿ, ಚಹಾ ಕುಡಿಯುವಾಗ, ನನಗೆ ಎದುರು ಮಾತಾಡುವಾಗ.

ಈಗ ನೆನಪಿಸಿಕೊಳ್ಳಿ, ಆ ಮೊದಲ ಸಭೆಯಲ್ಲಿ ನೀವು ಏನು ಅಂದಿರಿ. ಮುಳ್ಳಪ್ಪ ಎದ್ದು ನಿಂತು, ಈ ನೀರಿಂದ ಮೈಗೆ ಏನಾದರೂ ಆದೀತೇ ಎಂದು ಕೇಳಿದ. ನೀವು ಮೈಕಿನ ಹತ್ತಿರ ಬಗ್ಗಿ, "ಹೂವಿಗೆ ತಾನೇ, ಯಾರೂ ತಿನ್ನೋದಿಲ್ಲವಲ್ಲ" ಅಂದಿರಿ. ಸಭೆ ನಕ್ಕಿತು. ನಾನೂ ನಕ್ಕೆ. ಹೌದು, ಹೂವನ್ನು ಯಾರೂ ತಿನ್ನುವುದಿಲ್ಲ. ಕಟ್ಟುವವರು ಕಚ್ಚುತ್ತಾರೆ.

ಆಗ ತೊಂದರೆ ಇರಲಿಲ್ಲ, ಯಾಕೆಂದರೆ ಶೆಡ್ಡಿನಲ್ಲಿ ಒಳ್ಳೆಯ ನೀರಿನ ನಲ್ಲಿ ಇತ್ತು. ಮಡಿಗೆ ಎರಡನೇ ನೀರು, ಶೆಡ್ಡಿಗೆ ಮೊದಲನೇ ನೀರು ಎಂದೇ ನಾವು ತಿಳಿದುಕೊಂಡಿದ್ದು. ನಿಮ್ಮ ಕಾಗದದಲ್ಲೂ 'ತೋಟದ ಭಾಗಕ್ಕೆ ಮಾತ್ರ' ಎಂದು ಇತ್ತು. ಹಾಗಿರುವಾಗ ಒಂದು ದಿನ ನಿಮ್ಮ ತಪಾಸಣೆಯವನು ಟೇಪು ಹಿಡಿದುಕೊಂಡು ಬಂದ. ಇಲ್ಲಿ ಏನು ಮಾಡ್ತೀರಿ ಅಂದ. ಹೂವು ಕಟ್ಟುತ್ತೇವೆ ಅಂದೆ.

"ಹಾಗಾದ್ರೆ ಇದೂ ತೋಟದ ಭಾಗವೇ."

"ಇಲ್ಲಿ ಮಣ್ಣೇ ಇಲ್ಲವಲ್ಲಪ್ಪ, ನೆಲಕ್ಕೆ ಸಿಮೆಂಟು ಹಾಕಿದೆ, ನೋಡು."

"ಹೂವಿದೆಯಲ್ಲ ಅಜ್ಜಿ."

"ನಿಮ್ಮ ಸಾಹೇಬರ ಮೇಜಿನ ಮೇಲೂ ಹೂದಾನಿ ಇರುತ್ತಲ್ಲ. ಅದೂ ತೋಟಾನೇ?"

ಅವನು ಸ್ಪ್ಯಾನರು ತೆಗೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದ ಗಾದೆಯವನು ನಿಮ್ಮ ಇಲಾಖೆಯಲ್ಲೇ ಕೆಲಸಕ್ಕಿದ್ದಿರಬೇಕು. ಹಳೆಯ ನಲ್ಲಿ ಹೋಯಿತು, ಅದೇ ಗೋಡೆಗೆ ನೇರಳೆ ಪೈಪು ಬಂತು. ಅದರ ಮೇಲೆ ಒಂದು ಫಲಕವನ್ನೂ ಹೊಡೆದು ಹೋದರು. ಲೋಟ ಹಿಡಿದ ಒಬ್ಬ ಮನುಷ್ಯ, ಅವನ ಮುಖದ ಮೇಲೆ ಕೆಂಪು ಗೀಟು, 'ಈ ನೀರು ಕುಡಿಯಲು ಯೋಗ್ಯವಲ್ಲ'. ಸರಿಯಾಗಿ ನನ್ನ ಸೊಸೆಯ ಸ್ಟೂಲಿನ ತಲೆಯ ಮೇಲೆ. ಫಲಕದ ಕೆಳಗೆ ಕೂತು ಅವಳು ಆ ನೀರಲ್ಲಿ ನೆನೆದ ನಾರನ್ನು ದಿನವಿಡೀ ಬಾಯಲ್ಲಿ ಹಿಡಿಯಬೇಕು. ಇಂಥ ಚಿತ್ರ ಬರೆಯಲು ಯಾವ ಕಲಾವಿದನಿಗೂ ಸಾಧ್ಯವಿರಲಿಲ್ಲ, ನಿಮ್ಮ ಇಲಾಖೆಗೆ ಸಾಧ್ಯವಾಯಿತು.

ಹೊಸ ನೀರು ಬಂದ ಮೇಲೆ ಅವಳು ಒಂದೆರಡು ಸಲ, "ಅತ್ತೆ, ಈ ನಾರು ಯಾಕೋ ಜಾರುತ್ತೆ, ಸೋಪು ನೆಕ್ಕಿದ ಹಾಗಿದೆ" ಅಂದಳು. ನಿನ್ನ ನಾಲಿಗೆ ಉದ್ದ, ಅದಕ್ಕೇ ಬೇಡದ್ದರ ರುಚಿಯೆಲ್ಲ ಗೊತ್ತಾಗುತ್ತೆ ಎಂದು ನಾನು ಗದರಿದೆ. ನಮ್ಮಿಬ್ಬರ ನಡುವೆ ಮಾತು ಹೀಗೇ. ಆಮೇಲೆ ತುಟಿಯ ಕೊನೆ ಒಡೆಯಿತು, ಬಾಯೊಳಗೆ ಹುಣ್ಣಾಯಿತು. ಆಮೇಲೆ ಒಂದು ಬೆಳಿಗ್ಗೆ ಹೂವಿನ ಬಕೆಟ್ಟುಗಳ ನಡುವೆ ಸ್ಟೂಲಿನಿಂದ ಜಾರಿ ಕುಸಿದಳು. ವಾಂತಿ, ಭೇದಿ, ಜ್ವರ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವಳ ಕೆನ್ನೆ ಎರಡೇ ದಿನಕ್ಕೆ ಒಳಗೆ ಹೋಗಿತ್ತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ ಹಿರಿಯರು. ನಮ್ಮ ನಾರು ಆಸ್ಪತ್ರೆಯ ದಾರಿ ಹಿಡಿಯಿತು.

ಡಾಕ್ಟರಮ್ಮ ಹೊರಗೆ ಏನಾದರೂ ತಿಂದೆಯಾ ಎಂದು ಕೇಳಿದರು. ಇಲ್ಲ ಅಂದಳು. ಏನು ಕೆಲಸ ಎಂದು ಕೇಳಿದರು. ಹೂವು ಕಟ್ಟುತ್ತೇನೆ ಎಂದು, ಸೂಜಿ ಇಲ್ಲದ ಕೈಯಿಂದ ಗಾಳಿಯಲ್ಲೇ ಕಟ್ಟಿ ತೋರಿಸಿ, ಅಭ್ಯಾಸಬಲದಿಂದ ಬಾಯಿಂದ ಇಲ್ಲದ ನಾರನ್ನು ಎಳೆದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ನೀರು ಎಲ್ಲಿಂದ ಬರುತ್ತೆ?" ಅಂದರು. ಹೇಳಿದೆವು. ಅವರು ನಿಮ್ಮ ಹಾಗೆ ಅವಸರದವರಲ್ಲ, ಅದೇ ಕಾರಣ ಎಂದು ಆಣೆ ಮಾಡಿ ಹೇಳಲು ಆಗುವುದಿಲ್ಲ, ಆದರೆ ಆ ನಾರು ಬಾಯಿಗೆ ಹೋಗುವುದು ಇವತ್ತೇ ನಿಲ್ಲಬೇಕು ಅಂದರು. ಸ್ವಲ್ಪ ದಿನಕ್ಕೆ ಸೊಸೆ ಎದ್ದು ಓಡಾಡಿದಳು, ಕೊಯ್ದ ಹೂವು ಕಾಯುವುದಿಲ್ಲವಲ್ಲ, ಮತ್ತೆ ಸ್ಟೂಲಿಗೆ ಕೂತು ಅದೇ ನಾರು ಕಚ್ಚಿದಳು. ಮತ್ತೆ ಮಲಗಿದಳು. ಎರಡನೇ ಸಲ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಕರುಳು ಕಬ್ಬಿಣದ್ದಲ್ಲ ಅಮ್ಮ, ಮೂರನೇ ಸಲ ಇಷ್ಟು ಸುಲಭಕ್ಕೆ ಮುಗಿಯುತ್ತೆ ಅಂತ ನಾನು ಹೇಳಲ್ಲ" ಅಂದರು.

ಹಾಗಾದರೆ ನಾರನ್ನು ಬಾಯಿಗೆ ಹಾಕದಿದ್ದರಾಯಿತು ಎಂದು ನೀವೀಗ ಅನ್ನುತ್ತೀರಿ. ಅದನ್ನೂ ಮಾಡಿ ನೋಡಿದೆವು. ರಬ್ಬರ್ ಬ್ಯಾಂಡು ಹಾಕಿದೆವು. ನಿಮ್ಮ ನೀರು ಕುಡಿದು ಕಾಂಡ ಎಷ್ಟು ಮೆತ್ತಗಾಗಿದೆ ಅಂದರೆ ರಬ್ಬರು ಅದರೊಳಗೆ ಕಚ್ಚಿಕೊಂಡು ಹೂವಿನ ಕತ್ತು ಮುರಿಯುತ್ತದೆ. ತಂತಿ ಇನ್ನೂ ಮೇಲು, ಕೊಯ್ದೇ ಹಾಕುತ್ತದೆ. ಆ ಮೆತ್ತನೆಯ ಕಾಂಡಕ್ಕೆ ಆಗುವುದು ನೆನೆದ ನಾರೊಂದೇ. ನೋಡಿ, ಎಂಥ ಚಂದದ ಏರ್ಪಾಡು. ಕಾಂಡವನ್ನು ಮೆತ್ತಗೆ ಮಾಡಿ ಒದ್ದೆ ನಾರೇ ಬೇಕು ಎಂದು ಮಾಡಿದ್ದೂ ನಿಮ್ಮ ನೀರು, ಒದ್ದೆ ನಾರನ್ನು ಬಾಯಿಗೆ ಇಡದ ಹಾಗೆ ಮಾಡಿದ್ದೂ ನಿಮ್ಮ ನೀರು. ಇಬ್ಬರು ಕೂತು ಒಬ್ಬರು ಹಿಡಿದು ಒಬ್ಬರು ಕಟ್ಟಿ ನೋಡಿದೆವು. ನಾನು ಹಿಡಿದೆ, ಅವಳು ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಹೂವು ಅರ್ಧ ಬಾಡಿತ್ತು, ಅತ್ತೆ ಸೊಸೆ ಪೂರ್ತಿ ಕಾದಾಡಿದ್ದೆವು.

ನನ್ನ ಅಕ್ಕನ ಮಗ ನಿಮ್ಮದೇ ಶುದ್ಧೀಕರಣ ಘಟಕದಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಓದಿದವನು, ಕೆಲಸದ ಮೇಲೆ ಹೆಮ್ಮೆ ಇರುವವನು. ಮೊದಲು ಅವನ ಹತ್ತಿರವೇ ಜಗಳಕ್ಕೆ ಹೋದೆ. ಅವನು ನನ್ನನ್ನು ಕೂರಿಸಿ ಸಮಾಧಾನವಾಗಿ ಹೇಳಿದ. "ಚಿಕ್ಕಮ್ಮ, ನಮ್ಮ ಗೇಟು ದಾಟೋವಾಗ ನೀರು ಹೇಗಿರುತ್ತೆ ಅಂತ ಕೇಳಿ, ಎದೆ ತಟ್ಟಿ ಹೇಳ್ತೀನಿ. ಆಮೇಲೆ ಅದು ಅಷ್ಟು ದೂರ ಬಿಸಿಲಲ್ಲಿ ಪೈಪಲ್ಲಿ ಬಂದು, ನಿಮ್ಮ ಬೀದಿಯ ತೆರೆದ ತೊಟ್ಟಿಯಲ್ಲಿ ನಿಂತು, ಬಕೆಟ್ಟಲ್ಲಿ ರಾತ್ರಿಯೆಲ್ಲ ನೆನೆದ ಮೇಲೆ ಅದರಲ್ಲಿ ಏನು ಹುಟ್ಟಿದೆಯೋ ನಾನು ಹೇಳಲಾರೆ. ಗಿಡದ ಬುಡಕ್ಕೆ ಬಿಡಿ, ಏನೂ ಆಗಲ್ಲ. ಬಾಯಿಗೆ ಇದನ್ನ ಯಾರು ಕೊಟ್ಟರು?" ಹೂವು ಕಟ್ಟುವ ಜಾಗಗಳಿಗೆ ಈ ನೀರು ಬೇಡ ಎಂದು ಘಟಕದವರು ಮೊದಲೇ ಮೇಲಕ್ಕೆ ತಿಳಿಸಿದ್ದರಂತೆ. ಮೇಲೆ ಅಂದರೆ ನೀವೇ. ಅಂದರೆ ನಿಮ್ಮ ಓದಿದವರ ಮಾತನ್ನೂ ನೀವು ಕೇಳಲಿಲ್ಲ. ಓದದವಳ ಮಾತು ಕೇಳಲಿಲ್ಲ ಎಂದು ನಾನೊಬ್ಬಳೇ ಅಳಬೇಕಾಗಿಲ್ಲ ಎಂಬುದಷ್ಟೇ ಸಮಾಧಾನ.

ಆಮೇಲೆ ನಿಮ್ಮ ಹತ್ತಿರ ಬಂದೆ. ನೆನಪಿದೆಯೋ ಇಲ್ಲವೋ. ನೀಲಿ ಪರದೆಯ ಕೋಣೆ, ಗಾಳಿ ತಣ್ಣಗೆ, ಮೇಜಿನ ಮೇಲೆ ನಾನಂದ ಹಾಗೇ ಒಂದು ಹೂದಾನಿ. ಒಳಗಿದ್ದದ್ದು ಪ್ಲಾಸ್ಟಿಕ್ ಹೂವು ಎಂದು ಹತ್ತಿರ ಬಂದ ಮೇಲೆ ಗೊತ್ತಾಯಿತು. ನೀವು ನನ್ನ ಅರ್ಜಿಯ ಹಾಳೆ ತಿರುವುತ್ತ, ಬಾಯಲ್ಲಿ ನಾರು ಹಿಡಿಯುವುದು ಹಳೆಯ ಕಾಲದ ಅಭ್ಯಾಸ, ಅನಾರೋಗ್ಯಕರ, ಕಾಲಕ್ಕೆ ತಕ್ಕ ಹಾಗೆ ಜನ ಅಭ್ಯಾಸ ಬದಲಾಯಿಸಿಕೊಳ್ಳಬೇಕು ಎಂದು ಬುದ್ಧಿ ಹೇಳಿದಿರಿ. ಒಂದೊಂದು ಹಾಳೆ ತಿರುವುವ ಮೊದಲೂ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದಿರಿ. ಆ ಅರ್ಜಿ ನನ್ನ ಶೆಡ್ಡಿನ ಮೇಜಿನ ಮೇಲೆ ಬರೆದದ್ದು, ನನ್ನ ಒದ್ದೆ ಕೈಯಲ್ಲಿ ಮಡಚಿ ತಂದದ್ದು. ಆಗಲೇ ಹೇಳಬೇಕೆಂದಿದ್ದೆ. ಮಾತು ಮುಗಿಯಿತು ಎಂದು ನಿಮ್ಮ ಸಹಾಯಕ ಬಾಗಿಲು ತೆರೆದುಬಿಟ್ಟ. ಹೋಗುವಾಗ ಒಂದು ಪೆಟ್ಟಿಗೆ ಕೈಗವಸು ಕೊಟ್ಟ. ಮನೆಗೆ ತಂದು ಸೊಸೆಗೆ ಕೊಟ್ಟೆ. "ಇದನ್ನ ಬಾಯಿಗೆ ಹೇಗೆ ಹಾಕಿಕೊಳ್ಳೋದು ಅತ್ತೆ, ಅವರು ಹೇಳಿಕೊಟ್ಟರಾ?" ಅಂದಳು.

ಬೇರೆ ದಾರಿ ಕಾಣದೆ ಬಕೆಟ್ಟು ಹಿಡಿದೆ. ಮನೆಯ ನಲ್ಲಿಯಿಂದ, ನಾವು ಕುಡಿಯುವ ನೀರಿನಲ್ಲೇ ಒಂದು ಪಾಲು ಮಿಗಿಸಿ, ಬೆಳಿಗ್ಗೆ ಒಂದು ಬಕೆಟ್ಟು. ಯಜಮಾನರು ಆವತ್ತಿನಿಂದ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತಾರೆ, ಬೆನ್ನು ಒದ್ದೆಯಾಗುವುದಿಲ್ಲ ಎಂದು ಗೊಣಗುತ್ತಾರೆ. ಆ ಬಕೆಟ್ಟಿನಲ್ಲಿ ನಾರು ನೆನೆಯಲು ಶುರುವಾದ ಮೇಲೆ ಸೊಸೆಯ ತುಟಿಯ ಹುಣ್ಣು ಒಣಗಿತು, ಹೊಟ್ಟೆ ಸುಮ್ಮನಾಯಿತು, ನಾಲಿಗೆ ಮೊದಲಿನ ಉದ್ದಕ್ಕೆ ಬಂತು. ಅದನ್ನು ನಿಮ್ಮ ತಪಾಸಣೆಯವನು ನೋಡಿದ. ಬೀದಿಯಲ್ಲಿ ಒಡೆದ ಪೈಪಿನಿಂದ ನೀರು ಹರಿದು ಗುಂಡಿ ತುಂಬಿರುವುದು ಅವನ ಕಣ್ಣಿಗೆ ಬೀಳುವುದಿಲ್ಲ, ಮುದುಕಿಯ ಕೈಯ ಬಕೆಟ್ಟು ಬೀಳುತ್ತದೆ. ನೋಟಿಸು ಬಂತು.

ನೋಟಿಸಿಗಿಂತ ಮುಂಚಿನ ಒಂದು ದಿನದ ಮಾತು ಹೇಳಿ ಮುಗಿಸುತ್ತೇನೆ. ಸೊಸೆ ಮೊದಲನೇ ಸಲ ಮಲಗಿ ಎದ್ದ ಮೇಲೆ, ಎರಡನೇ ಸಲ ಮಲಗುವ ಮುಂಚೆ. ನಿಮ್ಮ ಯೋಜನೆಗೆ ವರ್ಷ ತುಂಬಿತೆಂದು ಸಮಾರಂಭ ಇಟ್ಟುಕೊಂಡಿರಿ. ಯೋಜನೆಯ ನೀರಿನಲ್ಲೇ ಬೆಳೆದ ಹೂವಿನ ಗುಚ್ಛ ಬೇಕು, ಅದನ್ನು 'ಫಲಾನುಭವಿ'ಯೊಬ್ಬರು ವೇದಿಕೆಯ ಮೇಲೆ ನಿಮಗೆ ಕೊಡಬೇಕು ಎಂದು ನಮ್ಮ ಬೆಳೆಗಾರರ ಸಂಘಕ್ಕೆ ಹೇಳಿ ಕಳಿಸಿದಿರಿ. ಸರದಿ ನನ್ನ ಪಾಲಿಗೆ ಬಂತು. ನಾನು ಕೊಡುವುದಿಲ್ಲ ಅಂದೆ. ಸೊಸೆಯೇ, "ಕೊಡೋಣ ಅತ್ತೆ. ನಾವು ಎಷ್ಟು ಚೆನ್ನಾಗಿ ಕಟ್ತೀವಿ ಅಂತ ಒಂದು ಸಲ ಕೈಯಲ್ಲಿ ಹಿಡಿದು ನೋಡಲಿ. ಆಮೇಲೆ ನಲ್ಲಿ ಕೇಳಿದರೆ ಮನಸ್ಸು ಕರಗುತ್ತೆ" ಅಂದಳು. ಅವಳ ವಯಸ್ಸಿಗೆ ಇನ್ನೂ ಅಂಥ ನಂಬಿಕೆಗಳಿರುತ್ತವೆ. ತೋಟದ ಅತ್ಯುತ್ತಮ ಸೇವಂತಿಗೆ ಆರಿಸಿ, ಮುಳ್ಳಪ್ಪನ ಹತ್ತಿರ ಕೊನೆಗೂ ಹೇಗೋ ಬಿಟ್ಟಿದ್ದ ಒಂದೆರಡು ಗುಲಾಬಿ ಬೇಡಿ ತಂದು, ತುಟಿಯ ಹುಣ್ಣು ಪೂರ್ತಿ ಮಾಯದ ಬಾಯಲ್ಲೇ ನಾರು ಕಚ್ಚಿ ಕಟ್ಟಿದಳು. ಅಂಥ ಗುಚ್ಛವನ್ನು ನಾನು ನನ್ನ ಒಳ್ಳೆಯ ಕಾಲದಲ್ಲೂ ಕಟ್ಟಿಲ್ಲ. ಅವಳೆದುರು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ವೇದಿಕೆಯ ಮೇಲೆ ಅದನ್ನು ನಿಮ್ಮ ಕೈಗೆ ಕೊಟ್ಟೆ. ಫೋಟೋದವನು, "ಸಾರ್, ಸ್ವಲ್ಪ ಮೂಗಿನ ಹತ್ತಿರ ತನ್ನಿ, ಚೆನ್ನಾಗಿ ಬರುತ್ತೆ" ಅಂದ. ನೀವು ತಂದಿರಿ. ತರುತ್ತ, ಹಲ್ಲು ಕಾಣುವ ನಗು ಹಾಗೇ ಇಟ್ಟುಕೊಂಡು, ನನಗೆ ಮಾತ್ರ ಕೇಳುವ ಹಾಗೆ, "ಇದು ನಿಜವಾಗಲೂ ಆ ನೀರಿನದೇನಾ?" ಅಂದಿರಿ.

"ನಿಮ್ಮದೇ ನೀರು ಸ್ವಾಮಿ" ಅಂದೆ.

ಗುಚ್ಛ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮೂಗಿನಿಂದ ದೂರ ಹೊರಟಿತು. ಒದ್ದೆ ಮಾಡಿಕೊಂಡ ಹಸುಗೂಸನ್ನು ಗಂಡಸರು ಎತ್ತಿ ಹಿಡಿಯುತ್ತಾರಲ್ಲ, ತೋಳು ಪೂರ್ತಿ ಚಾಚಿ, ಹಾಗೆ ಹಿಡಿದಿರಿ. ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ಅದೇ ಫೋಟೋ, ಬೇಕಾದವರು ತೆಗೆದು ನೋಡಬಹುದು. ಫೋಟೋದಲ್ಲಿ ಇಲ್ಲದ್ದನ್ನು ನಾನು ನೋಡಿದೆ. ಗುಚ್ಛವನ್ನು ಸಹಾಯಕನಿಗೆ ದಾಟಿಸಿ, ಕುರ್ಚಿಯ ಹಿಂದೆ ಸರಿದು, ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು ಅಂಗೈಗೆ ಸುರಿದುಕೊಂಡು ಬೆರಳ ಸಂದಿಯನ್ನೂ ಬಿಡದೆ ಉಜ್ಜಿದಿರಿ. ಕರವಸ್ತ್ರದಿಂದ ಮೂಗಿನ ತುದಿಯನ್ನೂ ಒರೆಸಿಕೊಂಡಿರಿ, ಅದು ಹೂವಿಗೆ ತಾಗಿಯೇ ಇರಲಿಲ್ಲ. ಆಮೇಲೆ ಮೈಕಿನ ಮುಂದೆ ಹೋಗಿ, ಈ ನೀರಿನ ಬಗ್ಗೆ ಜನರಲ್ಲಿ ಇರುವ ಅನಗತ್ಯ ಭಯವನ್ನು ಹೋಗಲಾಡಿಸಬೇಕು ಎಂದು ಭಾಷಣ ಮಾಡಿದಿರಿ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬದನೆಕಾಯಿ ತಿನ್ನುವವರನ್ನು ಅಷ್ಟು ಹತ್ತಿರದಿಂದ ಕಂಡದ್ದು ಅವತ್ತೇ.

ಸಮಾರಂಭ ಮುಗಿದ ಮೇಲೆ ಗುಚ್ಛ ವೇದಿಕೆಯ ಮೆಟ್ಟಿಲ ಮೇಲೆ ಬಿದ್ದಿತ್ತು. ಯಾರೋ ಅದನ್ನು ದಾಟಿ ಹೋಗಿದ್ದರು, ಯಾರೋ ತುಳಿದೂ ಹೋಗಿದ್ದರು. ಎತ್ತಿಕೊಂಡು ಬಂದೆ. ಗುಲಾಬಿಗಳ ತಲೆ ಆಗಲೇ ಬಗ್ಗಿತ್ತು. ಗಂಟು ಮಾತ್ರ ಒಂದು ಎಳೆಯೂ ಸಡಿಲವಾಗಿರಲಿಲ್ಲ. ಮನೆಗೆ ಬಂದರೆ ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಏನಂದರು ಅತ್ತೆ?" ಅಂದಳು. ನಾನು ಗುಚ್ಛವನ್ನು ಬೆನ್ನ ಹಿಂದೆ ಮರೆಮಾಡಿ, ಚೆನ್ನಾಗಿದೆ ಅಂದರು ಎಂದೆ. ಅವಳು ನನ್ನ ಬೆನ್ನ ಹಿಂದೆ ಇಣುಕಲಿಲ್ಲ. ಬಗ್ಗಿ ನೋಡುವ ಅಗತ್ಯವೂ ಅವಳಿಗೆ ಇರಲಿಲ್ಲ ಅನಿಸುತ್ತದೆ.

ಈಗ ಹೇಳಿ. ಗುಚ್ಛದ ಕಾಗದವನ್ನು ಹೊರಗಿನಿಂದ ಅರೆಗಳಿಗೆ ಹಿಡಿದ ಕೈಯನ್ನು ನೀವು ತೊಳೆದುಕೊಂಡಿರಿ. ಅದೇ ಗುಚ್ಛದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದವಳು ಏನನ್ನು ತೊಳೆದುಕೊಳ್ಳಬೇಕು? ನಿಮ್ಮ ಜೇಬಿನ ಸೀಸೆಯನ್ನು ಅವಳ ಬಾಯಿಗೆ ಸುರಿಯಲೇ? ನೀರಿನ ಬಗ್ಗೆ ನಿಮಗೆ ನಿಜವಾಗಿ ಏನು ಅನಿಸುತ್ತದೆಂದು ನಿಮ್ಮ ಕೈ ಹೇಳಿತು, ಬಾಯಿ ಬೇರೆ ಹೇಳಿತು. ನಾನು ಕೈಯನ್ನು ನಂಬುತ್ತೇನೆ. ಜೀವನವಿಡೀ ಕೈಯನ್ನೇ ನಂಬಿ ಬಂದವಳು.

ನಾನು ಕೇಳುವುದು ಯೋಜನೆ ನಿಲ್ಲಿಸಿ ಎಂದಲ್ಲ. ಮಡಿಗಳಿಗೆ ನೇರಳೆ ಪೈಪು ಇರಲಿ, ಅದರ ಉಪ್ಪನ್ನೂ ಸೊಪ್ಪನ್ನೂ ನಾವು ನೋಡಿಕೊಳ್ಳುತ್ತೇವೆ. ನಮ್ಮ ಬೀದಿಯಲ್ಲಿ ಹೂವು ಕಟ್ಟುವ ಪ್ರತಿಯೊಂದು ಶೆಡ್ಡಿಗೂ, ಕಿತ್ತುಕೊಂಡು ಹೋದ ಆ ಒಂದು ಒಳ್ಳೆಯ ನೀರಿನ ನಲ್ಲಿಯನ್ನು ಅದೇ ಗೋಡೆಗೆ ತಂದು ಹಾಕಿ. ನೋಟಿಸನ್ನು ವಾಪಸ್ಸು ತೆಗೆದುಕೊಳ್ಳಿ. ಅದು ಆಗುವುದಿಲ್ಲ ಅನ್ನುವುದಾದರೆ ಇನ್ನೊಂದು ದಾರಿ ಇದೆ. ನೀವೇ ನಮ್ಮ ಶೆಡ್ಡಿಗೆ ಬನ್ನಿ. ಸ್ಟೂಲು ಒರೆಸಿ ಇಡುತ್ತೇನೆ. ನೇರಳೆ ಪೈಪಿನ ನೀರಿನಲ್ಲಿ ನೆನೆದ ಒಂದು ಎಳೆ ನಾರನ್ನು ಬಕೆಟ್ಟಿನಿಂದ ತೆಗೆದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಒಂದು ಕಟ್ಟು ಕಟ್ಟಿ ಎದ್ದುಹೋಗಿ. ಹೂವಿಗೆ ತಾನೇ. ಅಷ್ಟು ಮಾಡಿದರೆ ನಾನು ಬಕೆಟ್ಟು ಕೆಳಗಿಟ್ಟು, ಮತ್ತೆಂದೂ ನಿಮ್ಮ ವಿರುದ್ಧ ಒಂದು ಅಕ್ಷರ ಬರೆಯುವುದಿಲ್ಲ.

ಎರಡರಲ್ಲಿ ಒಂದು ಆಗುವವರೆಗೆ ನಾನು ನೀರು ಹೊರುತ್ತೇನೆ. ನಾಳೆ ಬೆಳಿಗ್ಗೆಯೂ ಹೊರುತ್ತೇನೆ, ಕಳ್ಳತನದಿಂದಲ್ಲ, ರಸ್ತೆಯ ನಡುವೆ. ತಪಾಸಣೆಯವನನ್ನು ಕಳಿಸುವುದಾದರೆ ಸ್ವಲ್ಪ ಬೇಗ ಕಳಿಸಿ, ಭಾರ ಜಾಸ್ತಿ, ಒಂದು ಕಡೆ ಅವನೂ ಹಿಡಿಯಲಿ.

ಇಂತಿ,
ನಿಮ್ಮ ನಗುಮುಖದ ಫೋಟೋದ ಅಂಚಿನಲ್ಲಿ ಅರ್ಧ ಭುಜ ಮಾತ್ರ ಕಾಣುವ ಫಲಾನುಭವಿ,
ಹಲ್ಲು ಹೋದ, ಬಕೆಟ್ಟು ಬಿಡದ ಒಬ್ಬ ಅತ್ತೆ